ಹಲವು ನುಡಿಗಳ ಮನೆಯಲ್ಲಿ ಮಗುವಿನ ಬೆಳವಣಿಗೆಯ ಮೈಲಿಗಲ್ಲುಗಳು: ಬಹ್ರೈನಿನ ಕನ್ನಡ ಕುಟುಂಬಗಳಿಗಾಗಿ

ಹುಟ್ಟಿದಾರಭ್ಯ ಐದು ವರ್ಷದವರೆಗೆ ಮಗು ಕಲಿಯುವ ಕೌಶಲಗಳಲ್ಲಿ ಕೆಲವನ್ನು ಬಹುಪಾಲು ಮಕ್ಕಳು ಹೆಚ್ಚುಕಡಿಮೆ ಒಂದೇ ವಯೋಮಿತಿಯೊಳಗೆ ಸಾಧಿಸುತ್ತಾರೆ. ತಲೆ ನಿಲ್ಲುವುದು, ಮಗುಚಿಕೊಳ್ಳುವುದು, ಕೂರುವುದು, ಅಂಬೆಗಾಲಿಡುವುದು, ದಟ್ಟಡಿಯಿಡುವುದು, ಮುಖ ಕಂಡು ನಗುವುದು, ಬೆರಳು ಮಾಡಿ ತೋರಿಸುವುದು, ತೊದಲುವುದು, ಎರಡು ಮಾತು ಜೋಡಿಸುವುದು – ಇಂಥವನ್ನು ಬೆಳವಣಿಗೆಯ ಮೈಲಿಗಲ್ಲುಗಳೆಂದು ಕರೆಯುವುದು ವಾಡಿಕೆ. ವೈದ್ಯರು ಇವನ್ನು ಸಾಮಾನ್ಯವಾಗಿ ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ: ದೊಡ್ಡ ಸ್ನಾಯುಗಳ ಚಲನೆ, ಕೈಬೆರಳುಗಳ ಸೂಕ್ಷ್ಮ ಚಲನೆ, ಮಾತು ಮತ್ತು ಗ್ರಹಿಕೆ, ಜನರೊಡನೆ ಒಡನಾಟ.

ಈ ಎಣಿಕೆ ನಮ್ಮ ಮನೆಗಳಲ್ಲಿ ಆಧುನಿಕ ವೈದ್ಯಶಾಸ್ತ್ರಕ್ಕಿಂತ ಹಳೆಯದು. ಮಗು ಹೊಸ್ತಿಲು ದಾಟಿದ ದಿನ ಸಿಹಿ ಮಾಡುವ ಮನೆಗಳುಂಟು. ಸಂಕ್ರಾಂತಿಯಂದು ಎಳೆಯ ಮಕ್ಕಳ ತಲೆಯ ಮೇಲೆ ಎಲಚಿಹಣ್ಣು, ಕಬ್ಬಿನ ತುಂಡು, ನಾಣ್ಯಗಳನ್ನು ಎರೆಯುವ ಪದ್ಧತಿಯುಂಟು. ಕೊಲ್ಲಿಯ ಅರಬ್ ಮನೆಗಳಲ್ಲಿಯೂ ಮಗುವಿಗೆ ಹಲ್ಲು ಬಂದಾಗ ಅಥವಾ ಅದು ನಡೆಯತೊಡಗಿದಾಗ ಅದರ ಮೇಲೆ ಸಿಹಿತಿಂಡಿ, ಬೀಜ, ನಾಣ್ಯಗಳನ್ನು ಸುರಿದು ನೆರೆಯ ಮಕ್ಕಳು ಆಯ್ದುಕೊಳ್ಳುವಂತೆ ಮಾಡುವ ‘ನೂನ್’ ಎಂಬ ಹಳೆಯ ಆಚರಣೆಯಿದೆ. ಊರಿನಿಂದ ಮನಾಮಾಕ್ಕೆ ಬಂದ ತಾಯಿಗೆ ಇದು ತೀರ ಅಪರಿಚಿತವೆನಿಸಲಾರದು.

ಆದರೆ ಬಹ್ರೈನಿನ ಕನ್ನಡ ಮನೆಯಲ್ಲಿ ಈ ಮೈಲಿಗಲ್ಲುಗಳನ್ನು ಓದುವುದು ಊರಿನಷ್ಟು ಸರಳವಲ್ಲ. ಇಲ್ಲಿನ ಕನ್ನಡಿಗರಲ್ಲಿ ಬಹುಮಂದಿ ದಕ್ಷಿಣ ಕನ್ನಡ, ಉಡುಪಿ ಸೀಮೆಯವರು. ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪುರದ ಕನ್ನಡ, ಅಪ್ಪ ಅಮ್ಮಂದಿರ ಗೆಳೆಯರೊಡನೆ ಕನ್ನಡ, ಎದುರು ಫ್ಲ್ಯಾಟಿನವರೊಡನೆ ಹಿಂದಿ ಅಥವಾ ಮಲಯಾಳಂ, ನರ್ಸರಿಯಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ, ಲಿಫ್ಟಿನಲ್ಲಿ ಅರಬಿ. ತಾಯಿತಂದೆ ಇಬ್ಬರೂ ದುಡಿಯುವ ಮನೆಯಾದರೆ ಹಗಲು ಹೊತ್ತು ಮಗುವನ್ನು ನೋಡಿಕೊಳ್ಳುವ ಹೆಂಗಸಿನ ನುಡಿ ಇನ್ನೊಂದು. ಇಂತಹ ಮಗು ಎರಡು ವರ್ಷವಾದರೂ ಹೆಚ್ಚು ಮಾತನಾಡದಿದ್ದರೆ ಮನೆಯವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಒಂದು, ‘ಭಾಷೆ ಹೆಚ್ಚಾಯಿತು, ಅದಕ್ಕೇ ಗೊಂದಲ’ ಎಂದು ಮನೆಮಾತನ್ನು ನಿಲ್ಲಿಸಿ ಇಂಗ್ಲಿಷಿಗೆ ಹೊರಳುವುದು. ಇನ್ನೊಂದು, ‘ಭಾಷೆ ಹೆಚ್ಚಿರುವಾಗ ತಡವಾಗುವುದು ಸಹಜ’ ಎಂದು ಸಮಾಧಾನ ಮಾಡಿಕೊಂಡು ವರ್ಷಗಟ್ಟಲೆ ಕಾಯುವುದು. ಮೊದಲನೆಯದರಿಂದ ಮಗು ಅಜ್ಜಿಯ ಮಾತನ್ನು ಕಳೆದುಕೊಳ್ಳುತ್ತದೆ. ಎರಡನೆಯದರಿಂದ ಕಿವುಡುತನವೋ ಆಟಿಸಮ್ಮೋ ಗುರುತಾಗದೆ ಅಮೂಲ್ಯ ಕಾಲ ಕಳೆದುಹೋಗುತ್ತದೆ. ಮೂಲದಲ್ಲಿರುವ ನಂಬಿಕೆ ಎರಡರಲ್ಲೂ ಒಂದೇ, ಮತ್ತು ಅದು ತಪ್ಪು.

ವಯಸ್ಸಿನ ಪಟ್ಟಿಗಳು ಎಲ್ಲಿಂದ ಬಂದವು

ಮಕ್ಕಳ ಬೆಳವಣಿಗೆಯನ್ನು ವಯಸ್ಸಿಗನುಗುಣವಾಗಿ ಪಟ್ಟಿ ಮಾಡುವ ಕಾರ್ಯವನ್ನು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕೆಯ ಯೇಲ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಗೆಸೆಲ್ ವ್ಯವಸ್ಥಿತವಾಗಿ ನಡೆಸಿದರು. 1967ರಲ್ಲಿ ಡೆನ್ವರ್ ಪರೀಕ್ಷೆ ಬಂದಿತು. ಮಕ್ಕಳ ವೈದ್ಯರು ತಮ್ಮ ಕೋಣೆಯಲ್ಲೇ ಬಳಸಬಹುದಾದ ಸಾಧನವಾಗಿ ಅದು ಲೋಕವನ್ನೆಲ್ಲ ಸುತ್ತಿತು. ಭಾರತದಲ್ಲಿ ಬರೋಡಾದ ಮಕ್ಕಳನ್ನು ಅಳೆದು ಪ್ರಮೀಳಾ ಫಾಟಕ್ ಅವರು ದೇಶೀಯ ಮಾನದಂಡಗಳನ್ನು ರೂಪಿಸಿದರು. ಅವುಗಳಿಂದ 17 ಅಂಶಗಳನ್ನು ಆರಿಸಿ ತಿರುವನಂತಪುರದ ಶಿಶು ಬೆಳವಣಿಗೆ ಕೇಂದ್ರದಲ್ಲಿ ಡಾ. ಎಂ. ಕೆ. ಸಿ. ನಾಯರ್ ಮತ್ತು ಅವರ ಸಂಗಡಿಗರು ಎರಡು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಸರಳ ನಕ್ಷೆಯನ್ನು ಸಿದ್ಧಪಡಿಸಿದರು. ಮಗುವಿನ ವಯಸ್ಸಿನ ಮೇಲೆ ಪೆನ್ಸಿಲನ್ನು ಲಂಬವಾಗಿ ಇಡುವುದು. ಪೆನ್ಸಿಲಿನ ಎಡಕ್ಕೆ ಮುಗಿದುಹೋದ ಯಾವುದಾದರೂ ಕೌಶಲ ಮಗುವಿಗೆ ಬಾರದಿದ್ದರೆ ಹೆಚ್ಚಿನ ಪರೀಕ್ಷೆಗೆ ಕಳುಹಿಸುವುದು. ಆರೋಗ್ಯ ಕಾರ್ಯಕರ್ತೆಯೊಬ್ಬಳು ಕೆಲವೇ ನಿಮಿಷಗಳಲ್ಲಿ ಮಾಡಬಹುದಾದ ಕೆಲಸ.

ಇಂದು ಅಂತರಜಾಲದಲ್ಲಿ ಹೆಚ್ಚಾಗಿ ಸಿಗುವುದು ಅಮೆರಿಕೆಯ ರೋಗ ನಿಯಂತ್ರಣ ಕೇಂದ್ರದ ಪಟ್ಟಿ. ಇದನ್ನು 2022ರಲ್ಲಿ ಪರಿಷ್ಕರಿಸಲಾಯಿತು. ಆ ಪರಿಷ್ಕರಣೆಯ ತತ್ವವನ್ನು ಅರಿಯುವುದು ಅಗತ್ಯ: ಹಿಂದೆ ಅನೇಕ ಪಟ್ಟಿಗಳಲ್ಲಿ ಅರ್ಧದಷ್ಟು ಮಕ್ಕಳು ಸಾಧಿಸುವ ವಯಸ್ಸನ್ನು ಕೊಡುತ್ತಿದ್ದರು, ಅಂದರೆ ಆರೋಗ್ಯವಂತ ಮಕ್ಕಳಲ್ಲೇ ಅರ್ಧ ಮಂದಿ ‘ಹಿಂದೆ’ ಬೀಳುತ್ತಿದ್ದರು. ಹೊಸ ಪಟ್ಟಿ ಕನಿಷ್ಠ 75 ಶೇಕಡಾ ಮಕ್ಕಳು ಸಾಧಿಸಿರುತ್ತಾರೆಂದು ನಿರೀಕ್ಷಿಸಬಹುದಾದ ವಯಸ್ಸನ್ನು ಕೊಡುತ್ತದೆ. ಆದುದರಿಂದ ಈ ಪಟ್ಟಿಯಲ್ಲಿರುವುದು ಮಗುವಿಗೆ ಬಾರದಿದ್ದರೆ ‘ಇನ್ನೂ ಕಾಯೋಣ’ ಎನ್ನುವುದಕ್ಕಿಂತ ‘ಕೇಳೋಣ’ ಎನ್ನುವುದು ಸರಿ. ಎರಡೂ ಬಗೆಯ ಪಟ್ಟಿಗಳು ಜಾಲದಲ್ಲಿ ಬೆರೆತು ಓಡಾಡುತ್ತಿವೆ; ಯಾವುದು ಯಾವುದೆಂದು ತಿಳಿಯದೆ ಹೋಲಿಸಿದರೆ ಕಳವಳವೂ ಸುಳ್ಳು, ಸಮಾಧಾನವೂ ಸುಳ್ಳು.

ಚಲನೆಯ ವಿಷಯದಲ್ಲಿ ಹೆಚ್ಚು ನಂಬತಕ್ಕ ಆಧಾರ ವಿಶ್ವ ಆರೋಗ್ಯ ಸಂಸ್ಥೆಯದು. ಅದು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ 816 ಮಕ್ಕಳಿದ್ದರು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು, ಒಮಾನಿನ ಮಕ್ಕಳು ಮಸ್ಕತ್ತಿನವರು. ಕೊಲ್ಲಿಯಲ್ಲಿ ಬೆಳೆಯುವ ಭಾರತೀಯ ಮಗುವಿಗೆ ಇದಕ್ಕಿಂತ ಹತ್ತಿರದ ಅಳತೆಗೋಲು ಸಿಗುವುದು ಕಷ್ಟ.

ನಡಿಗೆಯ ವರೆಗೆ

ಆ ಅಧ್ಯಯನದ ಪ್ರಕಾರ ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ; ಆಸರೆ ಹಿಡಿದು ನಿಲ್ಲುವುದು 4.8ರಿಂದ 11.4, ಅಂಗೈ ಮೊಣಕಾಲೂರಿ ಅಂಬೆಗಾಲಿಡುವುದು 5.2ರಿಂದ 13.5; ಆಸರೆ ಹಿಡಿದು ನಡೆಯುವುದು 5.9ರಿಂದ 13.7, ತಾನಾಗಿ ನಿಲ್ಲುವುದು 6.9ರಿಂದ 16.9, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ನೂರು ಮಕ್ಕಳಲ್ಲಿ ತೀರ ಮೊದಲಿನ ಒಬ್ಬರನ್ನೂ ತೀರ ಕೊನೆಯ ಒಬ್ಬರನ್ನೂ ಬಿಟ್ಟು ಉಳಿದವರೆಲ್ಲ ಈ ಕಿಟಕಿಯೊಳಗೆ ಬರುತ್ತಾರೆ. ಒಂಬತ್ತು ತಿಂಗಳಿಗೆ ನಡೆದ ಮಗುವೂ ಹದಿನೇಳು ತಿಂಗಳಿಗೆ ನಡೆದ ಮಗುವೂ ಸಹಜವೇ. ಇನ್ನೊಂದು ಸಂಗತಿ: ಆ ಮಕ್ಕಳಲ್ಲಿ 4.3 ಶೇಕಡಾ ಮಂದಿ ಅಂಬೆಗಾಲಿಡಲೇ ಇಲ್ಲ. ಕುಳಿತಲ್ಲಿಂದ ಜಾರುತ್ತಲೋ ನೇರವಾಗಿ ಎದ್ದು ನಿಂತೋ ಮುಂದುವರಿದರು. 2022ರ ಅಮೆರಿಕದ ಪಟ್ಟಿಯಿಂದ ಅಂಬೆಗಾಲನ್ನು ಕೈಬಿಟ್ಟದ್ದಕ್ಕೆ ಇಂತಹ ವ್ಯತ್ಯಾಸಗಳೇ ಕಾರಣ. ಅದನ್ನು ಒಪ್ಪದ ಚಿಕಿತ್ಸಕರೂ ಇದ್ದಾರೆ, ಅವರ ವಾದದಲ್ಲಿ ಹುರುಳಿಲ್ಲದೆಯೂ ಇಲ್ಲ: ದೇಹದ ಎರಡೂ ಬದಿಗಳನ್ನು ಹೊಂದಿಸಿಕೊಂಡು ಸಾಗುವ ಅಭ್ಯಾಸ ಅಲ್ಲಿ ಸಿಗುತ್ತದೆ. ಮಗು ಅಂಬೆಗಾಲಿಡಲಿಲ್ಲವೆಂದು ಹೆದರಬೇಕಾಗಿಲ್ಲ. ಒಂದೇ ಕೈ, ಒಂದೇ ಕಾಲನ್ನು ಎಳೆದುಕೊಂಡು ತೆವಳುತ್ತಿದ್ದರೆ ತೋರಿಸಲೇಬೇಕು.

ಅವಧಿಗೆ ಮೊದಲು ಹುಟ್ಟಿದ ಮಕ್ಕಳ ಲೆಕ್ಕ ಬೇರೆ. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ಆರು ತಿಂಗಳಾದಾಗ ಅದನ್ನು ನಾಲ್ಕು ತಿಂಗಳ ಮಗುವಿನ ಪಟ್ಟಿಯೊಡನೆ ಹೋಲಿಸಬೇಕು. ಎರಡು ವರ್ಷ ತುಂಬುವವರೆಗೆ ಈ ತಿದ್ದುಪಡಿಯನ್ನು ಪಾಲಿಸುವುದು ರೂಢಿ.

ಈ ದ್ವೀಪದ ಬೇಸಿಗೆ ಮಕ್ಕಳ ಚಲನೆಯ ಮೇಲೆ ತನ್ನದೇ ಪ್ರಭಾವ ಬೀರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹಗಲಲ್ಲಿ ಎಳೆಯ ಮಗುವನ್ನು ಹೊರಗೆ ಕರೆದೊಯ್ಯುವುದು ಅಸಾಧ್ಯ. ಗುದೈಬಿಯಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಜಾರುವ ಟೈಲ್ಸ್ ನೆಲ, ತಣ್ಣನೆಯ ಏ.ಸಿ. ಗಾಳಿ, ಮಗುವನ್ನು ನೆಲಕ್ಕೆ ಬಿಡಲು ತಾಯಿ ಅಂಜುತ್ತಾಳೆ, ಮಗು ಮಂಚ, ಸೋಫಾ, ತಳ್ಳುಗಾಡಿಗಳಲ್ಲೇ ಬೆಳೆಯುತ್ತದೆ. ಆಗ ಅಂಗಡಿಯ ಚಕ್ರದ ವಾಕರ್ ಕಣ್ಣಿಗೆ ಬೀಳುತ್ತದೆ. ವಾಕರ್ ನಡಿಗೆಯನ್ನು ಕಲಿಸುವುದಿಲ್ಲ, ಮುಂದೂಡಬಲ್ಲದು. ಅದರಿಂದಾಗುವ ಬೀಳುಗಳ ಕಾರಣಕ್ಕೇ ಕೆನಡಾ ದೇಶವು 2004ರಲ್ಲಿ ಅದರ ಮಾರಾಟವನ್ನು ನಿಷೇಧಿಸಿತು. ನೆಲಕ್ಕೊಂದು ದಪ್ಪ ಚಾಪೆ, ಬರಿಗಾಲು, ಎಟಕುವಷ್ಟು ದೂರದಲ್ಲೊಂದು ಸ್ಟೀಲು ಲೋಟ ಇವೇ ಸಾಕು. ಬಿಸಿಲಿನ ನಾಡಿನಲ್ಲಿದ್ದೂ ಬಿಸಿಲಿಗೆ ಬಾರದಿರುವುದರಿಂದ ಕೊಲ್ಲಿಯಲ್ಲಿ ವಿಟಮಿನ್ ಡಿ ಕೊರತೆ ಸಾಮಾನ್ಯ. ಎದೆಹಾಲು ಕುಡಿಯುವ ಶಿಶುವಿಗೆ ದಿನಕ್ಕೆ 400 ಯೂನಿಟ್ ಹನಿ ಕೊಡಬೇಕೆಂದು ಅಮೆರಿಕೆಯ ಶಿಶುವೈದ್ಯರ ಅಕಾಡೆಮಿ ಹೇಳುತ್ತದೆ. ಕೊರತೆ ತೀವ್ರವಾದರೆ ಮೂಳೆ ಮೆತ್ತಗಾಗಿ, ಸ್ನಾಯು ಸೋತು ನಡಿಗೆ ತಡವಾಗುತ್ತದೆ. ನಡಿಗೆ ತಡವಾದ ಮಗುವನ್ನು ನೋಡುವ ವೈದ್ಯರು ಮೊದಲು ಯೋಚಿಸುವ ಸಂಗತಿಗಳಲ್ಲಿ ಇದೂ ಒಂದು.

ಮಾತು

ಮಾತು ಮಾತಿಗಿಂತ ಬಹಳ ಮೊದಲೇ ಆರಂಭವಾಗುತ್ತದೆ. ಎರಡು ತಿಂಗಳಿಗೆ ಮುಖ ನೋಡಿ ನಗು. ಆರು ತಿಂಗಳ ಸುಮಾರಿಗೆ ಸರದಿಯಂತೆ ದನಿಗೂಡಿಸುವುದು. ಒಂಬತ್ತು ತಿಂಗಳಿಗೆ ‘ಬಬಬ’, ‘ಮಮಮ’ ಎಂಬ ಮರುದನಿ, ಹೆಸರು ಹಿಡಿದು ಕರೆದರೆ ತಿರುಗುವುದು. ಇಲ್ಲೊಂದು ಸಣ್ಣ ತೊಡಕು. ನಮ್ಮ ಮನೆಗಳಲ್ಲಿ ಮಗುವಿಗೆ ಹೆಸರೊಂದೇ ಇರುವುದಿಲ್ಲ. ಪುಟ್ಟ, ಚಿನ್ನು, ಬಂಗಾರಿ, ಕಂದ, ಅಜ್ಜನ ಹೆಸರು, ಪಾಸ್‌ಪೋರ್ಟಿನ ಹೆಸರು. ನರ್ಸರಿಯಲ್ಲಿ ಪಾಸ್‌ಪೋರ್ಟಿನ ಹೆಸರನ್ನು ಕೂಗಿದಾಗ ಮಗು ತಿರುಗದಿದ್ದರೆ ಅದಕ್ಕೆ ಆ ಹೆಸರೇ ಗೊತ್ತಿರಲಿಕ್ಕಿಲ್ಲ. ಪರೀಕ್ಷಿಸುವಾಗ ಮನೆಯಲ್ಲಿ ಹೆಚ್ಚು ಬಳಸುವ ಹೆಸರನ್ನೇ ಕರೆಯಬೇಕು.

ಒಂದು ವರ್ಷದ ಸುಮಾರಿಗೆ ಕೈ ಬೀಸುವುದು, ಕೈ ಚಾಚುವುದು, ಬಳಿಕ ತೋರುಬೆರಳು ಮಾಡುವುದು ಬರುತ್ತದೆ. ಬೇಕಾದ ಬಾಳೆಹಣ್ಣಿಗೆ ಬೆರಳು ಮಾಡುವುದು ಒಂದು ಹಂತ. ಕಿಟಕಿಯಾಚೆಯ ವಿಮಾನವನ್ನು ತೋರಿಸಿ, ‘ನೀನೂ ನೋಡಿದೆಯಾ’ ಎಂಬಂತೆ ಅಮ್ಮನ ಮುಖ ನೋಡುವುದು ಅದಕ್ಕಿಂತ ದೊಡ್ಡ ಹಂತ. ಹದಿನೆಂಟು ತಿಂಗಳ ಮಗುವಿಗೆ ಹತ್ತು ಪದ ಬರುತ್ತದೆಯೆ ಎಂಬುದಕ್ಕಿಂತ ಅದು ಹೀಗೆ ಹಂಚಿಕೊಳ್ಳುತ್ತದೆಯೆ ಎಂಬುದನ್ನು ನಾನು ಮೊದಲು ಕೇಳುತ್ತೇನೆ. ಬೆರಳಿಗೆ ಭಾಷೆಯ ಹಂಗಿಲ್ಲ. ಎಷ್ಟೇ ನುಡಿಗಳ ಮನೆಯಾದರೂ ಅದು ತಡವಾಗುವುದಕ್ಕೆ ಕಾರಣವಿಲ್ಲ.

ಇನ್ನು ಪದಗಳ ಎಣಿಕೆ. 2022ರ ಪಟ್ಟಿ ಹದಿನೆಂಟು ತಿಂಗಳಿಗೆ ಅಮ್ಮ ಅಪ್ಪ ಬಿಟ್ಟು ಕನಿಷ್ಠ ಮೂರು ಪದಗಳನ್ನು, ಎರಡು ವರ್ಷಕ್ಕೆ ಎರಡು ಪದಗಳ ಜೋಡಣೆಯನ್ನು, ಎರಡೂವರೆ ವರ್ಷಕ್ಕೆ ಸುಮಾರು ಐವತ್ತು ಪದಗಳನ್ನು ನಿರೀಕ್ಷಿಸುತ್ತದೆ. ಈ ಎಣಿಕೆಯಲ್ಲಿ ಎಲ್ಲ ನುಡಿಗಳ ಪದಗಳೂ ಸೇರಬೇಕು. ಉಡುಪಿ ಮೂಲದ ಮನೆಯ ಇಪ್ಪತ್ತು ತಿಂಗಳ ಮಗುವೊಂದನ್ನು ಕಲ್ಪಿಸಿಕೊಳ್ಳಿ. ಅದು ‘ಪುಚ್ಚೆ’, ‘ಪೇರ್’, ‘ಬೊಡ್ಚಿ’ ಎನ್ನುತ್ತದೆ. ‘ಅಜ್ಜಿ’, ‘ಸಾಕು’ ಎನ್ನುತ್ತದೆ. ನರ್ಸರಿಯಿಂದ ‘ಬಾಲ್’, ‘ಬೈ’ ತಂದಿದೆ. ಎದುರು ಮನೆಯಿಂದ ‘ಪಾನಿ’, ಕಾವಲುಗಾರನಿಂದ ‘ಖಲಾಸ್’. ನರ್ಸರಿಯ ಶಿಕ್ಷಕಿಗೆ ಕೇಳಿಸುವುದು ಎರಡೇ ಪದ, ಮಗುವಿನಲ್ಲಿರುವುದು ಒಂಬತ್ತು. ‘ನೀರ್’ ಮತ್ತು ‘ಪಾನಿ’ ಎರಡೂ ಬಂದರೆ ಎರಡು ಪದವೆಂದೇ ಎಣಿಸಬೇಕು. ‘ತಾಚಿ’, ‘ಮಂಮಂ’ ಮೊದಲಾದ ಶಿಶುನುಡಿಯೂ, ನಾಯಿಗೆ ‘ಬೌ’ ಎನ್ನುವುದೂ, ಮಗು ಅದನ್ನು ಯಾವಾಗಲೂ ಒಂದೇ ಅರ್ಥಕ್ಕೆ ಬಳಸುವುದಾದರೆ, ಪದಗಳೇ. ಉಚ್ಚಾರ ಸ್ಪಷ್ಟವಾಗಿರಬೇಕೆಂದಿಲ್ಲ, ‘ರ’, ‘ಳ’, ‘ಷ’ಗಳು ಬಾಯಿಗೆ ಬರುವುದು ತಡ, ‘ರಾಮ’ ಕೆಲಕಾಲ ‘ಲಾಮ’ನಾಗಿಯೇ ಇರುತ್ತಾನೆ.

ಎರಡು ಪದಗಳ ಜೋಡಣೆಯ ನಿಯಮವನ್ನೂ ಕನ್ನಡಕ್ಕೆ ಹಾಗೆಯೇ ಅನ್ವಯಿಸಲಾಗದು. ಇಂಗ್ಲಿಷ್ ಮಗು ಅಪ್ಪನ ಪಾದರಕ್ಷೆಯನ್ನು ತೋರಿಸಿ ಎರಡು ಪದ ಹೇಳುವಲ್ಲಿ ಕನ್ನಡದ ಮಗು ‘ಅಪ್ಪಂದು’ ಎಂದು ಒಂದೇ ಪದದಲ್ಲಿ ಮುಗಿಸಬಲ್ಲದು. ‘ಅಜ್ಜಿಗೆ’, ‘ಮನೇಲಿ’, ‘ಬಂದ್ಳು’ ಇವುಗಳಲ್ಲೆಲ್ಲ ಎರಡು ಅರ್ಥಾಂಶಗಳು ಬೆಸೆದುಕೊಂಡಿವೆ. ನಮ್ಮದು ಪ್ರತ್ಯಯಗಳ ಭಾಷೆ. ಮಗು ಪ್ರತ್ಯಯ ಹಚ್ಚತೊಡಗಿದ್ದನ್ನು ಕನ್ನಡ ಬಲ್ಲ ತಾಯಿ ಮಾತ್ರ ಗಮನಿಸಿ ವೈದ್ಯರಿಗೆ ಹೇಳಬಲ್ಲಳು. ಹಾಗೆಂದು ಎರಡು ವರ್ಷ ಕಳೆದರೂ ‘ಅಜ್ಜಿ ಬಾ’, ‘ಹಾಲು ಬೇಡ’ ಎಂಬಂತಹ ಜೋಡಣೆ ಯಾವ ನುಡಿಯಲ್ಲೂ ಇಲ್ಲದಿದ್ದರೆ ಪ್ರತ್ಯಯಗಳ ನೆಪ ಹೇಳಿ ಸುಮ್ಮನಿರಲಾಗದು.

ಹಲವು ಭಾಷೆಗಳನ್ನು ಕೇಳಿ ಬೆಳೆಯುವುದು ಭಾಷಾದೋಷಕ್ಕೆ ಕಾರಣವಲ್ಲ ಎಂಬುದರಲ್ಲಿ ಇಂದು ಸಂಶೋಧಕರಿಗೆ ಸಂಶಯವಿಲ್ಲ. ಡೌನ್ ಸಿಂಡ್ರೋಮ್ ಅಥವಾ ಆಟಿಸಮ್ ಇರುವ ಮಕ್ಕಳಲ್ಲಿಯೂ ಎರಡು ನುಡಿಗಳ ಒಡನಾಟದಿಂದ ಹಾನಿಯಾದದ್ದು ಕಂಡುಬಂದಿಲ್ಲ. ಒಂದೇ ವಾಕ್ಯದಲ್ಲಿ ಎರಡು ನುಡಿ ಬೆರೆಸುವುದು ಗೊಂದಲದ ಗುರುತಲ್ಲ, ಮಗು ಸುತ್ತಲಿನವರಿಂದ ಕಲಿತ ರೀತಿ. ನಾವೆಲ್ಲ ಮಾತನಾಡುವುದೂ ಹಾಗೆಯೇ. ಒಂದೊಂದು ನುಡಿಯಲ್ಲಿ ಪದಸಂಪತ್ತು ತುಸು ಕಡಿಮೆಯಿರಬಹುದು, ಏಕೆಂದರೆ ಮಗು ಎಚ್ಚರವಿರುವ ಹೊತ್ತು ಹಂಚಿಹೋಗಿದೆ.

ಇದಕ್ಕೆ ತದ್ವಿರುದ್ಧವಾದ ಅಪಾಯ ನಿಜ. ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತದ ಸುಮಾರು 1,900 ಬಹುಭಾಷಿಕ ಕುಟುಂಬಗಳನ್ನು ಕುರಿತು ಆನಿಕ್ ಡಿ ಹೌವರ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯಲ್ಲಿ ಹೆತ್ತವರು ಬಳಸುತ್ತಿದ್ದರೂ ಸುಮಾರು ನಾಲ್ಕನೆಯ ಒಂದು ಪಾಲಿನಷ್ಟು ಮನೆಗಳಲ್ಲಿ ಮಕ್ಕಳು ಆ ಅಲ್ಪಸಂಖ್ಯಾತ ನುಡಿಯನ್ನು ಆಡುತ್ತಿರಲಿಲ್ಲ. ಇಬ್ಬರೂ ಹೆತ್ತವರು ಆ ನುಡಿಯನ್ನೇ ಆಡುವ ಮನೆಗಳಲ್ಲಿ ಅದು ಹೆಚ್ಚು ಉಳಿದಿತ್ತು. ಎಲ್‌ಕೆಜಿ ಪ್ರವೇಶದ ಆತಂಕದಲ್ಲಿ ತಾಯಿ ತನಗೆ ಅಷ್ಟೇನೂ ಸರಾಗವಲ್ಲದ ಇಂಗ್ಲಿಷಿಗೆ ಹೊರಳಿದಾಗ ಮಗುವಿಗೆ ಸಿಗುವುದು ಚಿಕ್ಕ ಚಿಕ್ಕ ಆಜ್ಞೆಗಳು: ಬಾ, ತಿನ್ನು, ಮುಟ್ಟಬೇಡ. ಕತೆ, ಕೀಟಲೆ, ಬೈಗುಳ, ಸಮಾಧಾನ ಇವೆಲ್ಲ ಆಕೆಗೆ ಸಲೀಸಾಗಿ ಬರುವುದು ತನ್ನ ನುಡಿಯಲ್ಲಿ. ತುಳು ಮನೆಯಲ್ಲಿ ತುಳುವೇ ನಡೆಯಲಿ. ಕನ್ನಡ ಎರಡನೆಯದಾಗಿ ಬಂದರೂ ಸಾಕು. ಮನಾಮಾದ ಕನ್ನಡ ಭವನದಂತಹ ಸ್ಥಳದ ಉಪಯೋಗ ಎಳೆಯ ಮಕ್ಕಳಿಗೆ ವೇದಿಕೆಯ ಕಾರ್ಯಕ್ರಮಕ್ಕಿಂತ ಅದರ ಹಿಂದಿನ ಗದ್ದಲದಲ್ಲಿದೆ: ಅಪ್ಪ ಅಮ್ಮನಲ್ಲದ ಹಲವರು ಕನ್ನಡ ಆಡುವುದನ್ನು ಮಗು ಅಲ್ಲಿ ಕೇಳುತ್ತದೆ.

ಪರದೆಯ ಮಾತು ಇಲ್ಲಿಯೇ ಬರಬೇಕು. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದೂ, ಎರಡು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಊಟ ಮಾಡಿಸಲು ಹಚ್ಚುವ ಪದ್ಯದ ವಿಡಿಯೋಗಳು ಕನ್ನಡದವಾದರೂ ಕನ್ನಡ ಕಲಿಸುವುದು ಕಡಿಮೆ, ಅವು ಮಗುವಿಗೆ ಮರುಮಾತು ಕೊಡುವುದಿಲ್ಲವಲ್ಲ. ಅಜ್ಜಿಯೊಡನೆ ನಡೆಯುವ ವಿಡಿಯೋ ಕರೆಯ ವಿಷಯ ಬೇರೆ. ಎರಡರಿಂದ ಎರಡೂವರೆ ವರ್ಷದ ಮಕ್ಕಳು ನೇರ ವಿಡಿಯೋ ಮಾತುಕತೆಯಿಂದ ಹೊಸ ಕ್ರಿಯಾಪದಗಳನ್ನು ಕಲಿತರು, ಮುದ್ರಿತ ವಿಡಿಯೋದಿಂದ ಕಲಿಯಲಿಲ್ಲ ಎಂದು 2014ರ ಒಂದು ಅಮೆರಿಕನ್ ಪ್ರಯೋಗ ತೋರಿಸಿತು. ಮನಾಮಾದಲ್ಲಿ ಸಂಜೆ ಐದೂವರೆಯಾದಾಗ ಉಡುಪಿಯಲ್ಲಿ ಎಂಟು. ಅಜ್ಜಿಯ ಅಡುಗೆ ಮುಗಿದಿರುತ್ತದೆ, ಮಗುವಿಗಿನ್ನೂ ನಿದ್ದೆ ಬಂದಿರುವುದಿಲ್ಲ.

ಕೈಯೂಟದ ಸಂಗತಿ

ಎರಡು ವರ್ಷಕ್ಕೆ ಚಮಚದಲ್ಲಿ ತಿನ್ನಬೇಕೆಂದು ಪಟ್ಟಿ ಹೇಳುತ್ತದೆ. ನಾವು ಕೈತುತ್ತು ಕೊಡುವವರು. ನಾಲ್ಕು ವರ್ಷದ ಮಗುವಿಗೂ ಕಲಸಿ ಬಾಯಿಗಿಡುವ ಮನೆಗಳಿವೆ. ಅಂತಹ ಮಗು ಇಲ್ಲಿ ‘ಇಲ್ಲ’ ಎಂಬ ಗುರುತು ಪಡೆದರೆ ಅದು ಅಭ್ಯಾಸದ ಕೊರತೆ, ಶಕ್ತಿಯ ಕೊರತೆಯಲ್ಲ. ಒಂದು ವರ್ಷದ ಮಗುವಿನ ಮುಂದೆ ನಾಲ್ಕು ಮಂಡಕ್ಕಿ ಹಾಕಿ ಪಕ್ಕದಲ್ಲೇ ಕುಳಿತು ನೋಡಿ. ಹೆಬ್ಬೆರಳು ತೋರುಬೆರಳಿನ ನಡುವೆ ಒಂದನ್ನು ಹಿಡಿದೆತ್ತಿದರೆ ಚಮಚದ ಚಿಂತೆ ಬೇಡ. ಕಡಲೆಬೀಜ, ಹುರಿಗಡಲೆ ಮಾತ್ರ ಕೊಡಬಾರದು, ಉಸಿರುನಾಳಕ್ಕೆ ಹೋದೀತು.

ಕಾಯಬಾರದ ಸಂದರ್ಭಗಳು

ಮೂರು ತಿಂಗಳಾದರೂ ಮುಖ ನೋಡಿ ನಗದಿರುವುದು, ನಾಲ್ಕು ತಿಂಗಳಾದರೂ ತಲೆ ನಿಲ್ಲದಿರುವುದು, ಒಂದು ವರ್ಷವಾದರೂ ತೊದಲು ಇಲ್ಲದಿರುವುದು ಅಥವಾ ಕೈಸನ್ನೆ ಇಲ್ಲದಿರುವುದು, ಹದಿನಾರು ತಿಂಗಳಾದರೂ ಒಂದೂ ಪದವಿಲ್ಲದಿರುವುದು, ಹದಿನೆಂಟು ತಿಂಗಳಾದರೂ ನಡೆಯದಿರುವುದು – ಇವು ನೆಂಟರ ಸಲಹೆ ಕೇಳುವ ಹೊತ್ತಲ್ಲ. ಹದಿನೆಂಟು ತಿಂಗಳೊಳಗೇ ಮಗು ಒಂದೇ ಕೈಯನ್ನು ಬಳಸತೊಡಗಿದರೆ ‘ಎಡಚ’ನೆಂದು ನಗದೆ ಇನ್ನೊಂದು ಕೈಯಲ್ಲಿ ಬಲವಿದೆಯೆ ಎಂದು ಪರೀಕ್ಷಿಸಿಸಬೇಕು. ಎಲ್ಲಕ್ಕಿಂತ ಮುಖ್ಯವಾದುದು ಹಿಂಜರಿತ: ಆಡುತ್ತಿದ್ದ ಪದಗಳು ನಿಂತುಹೋದರೆ, ಬೀಸುತ್ತಿದ್ದ ಕೈ ಬೀಸದಿದ್ದರೆ, ವಯಸ್ಸು ಎಷ್ಟೇ ಇರಲಿ, ಕೂಡಲೇ ತೋರಿಸಬೇಕು. ಊರಿನಿಂದ ಬಂದ ಮೇಲೆ ಮಗು ಮೌನವಾಯಿತು, ಅಜ್ಜಿಯನ್ನು ನೆನೆಸಿಕೊಂಡಿತು ಎಂದು ನಾವು ಹೇಳಿಕೊಳ್ಳುವ ವಿವರಣೆ ಕೆಲವೊಮ್ಮೆ ನಿಜವಿರಬಹುದು. ಅದನ್ನು ನಿರ್ಧರಿಸಬೇಕಾದವರು ನಾವಲ್ಲ.

ಮಾತು ತಡವಾದ ಮಗುವಿಗೆ ಮೊದಲ ಪರೀಕ್ಷೆ ಕಿವಿಯದು. ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಅಂತರರಾಷ್ಟ್ರೀಯ ಗುರಿ. ಬಾಗಿಲು ಬಡಿದ ಸದ್ದಿಗೆ ಬೆಚ್ಚಿದ ಮಾತ್ರಕ್ಕೆ ಕಿವಿ ಸರಿಯಿದೆಯೆಂದಲ್ಲ. ಮಾತಿನ ಸೂಕ್ಷ್ಮ ದನಿಗಳು ಕೇಳಿಸದ ಮಗುವೂ ಬಾಗಿಲಿಗೆ ಬೆಚ್ಚುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿ ನಮ್ಮ ಕಡೆ ಇನ್ನೂ ಅಳಿದಿಲ್ಲ, ಮತ್ತು ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು. ಈ ಸಂಗತಿಯನ್ನು ವೈದ್ಯರು ಕೇಳದಿದ್ದರೂ ಹೇಳಬೇಕು.

ದಾಖಲೆಯ ತೊಡಕು

ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುವುದು ಇಂದಿಗೂ ರೂಢಿ. ಮಗು ಊರಿನಲ್ಲಿ ಹುಟ್ಟಿ, ಕರ್ನಾಟಕದ ತಾಯಿ ಕಾರ್ಡಿನಲ್ಲಿ ಅದರ ಮೊದಲ ತಿಂಗಳುಗಳ ತೂಕ, ಲಸಿಕೆ ದಾಖಲಾಗಿ, ನಾಲ್ಕೈದು ತಿಂಗಳಿಗೆ ಬಹ್ರೈನಿಗೆ ಬರುತ್ತದೆ. ಕಾರ್ಡು ಮಾತ್ರ ಅಜ್ಜಿಯ ಬೀರುವಿನಲ್ಲಿ ಉಳಿಯುತ್ತದೆ. ಇಲ್ಲಿ ಲಸಿಕೆಗೆ ಹೋದಾಗ ಹುಟ್ಟುತೂಕವೆಷ್ಟು, ಎಷ್ಟು ವಾರಕ್ಕೆ ಹುಟ್ಟಿತು, ಹುಟ್ಟಿದೊಡನೆ ಅತ್ತಿತೆ, ಕಾಮಾಲೆ ಬಂದಿತ್ತೆ, ಕಿವಿಯ ಪರೀಕ್ಷೆ ಆಗಿತ್ತೆ ಎಂಬ ಪ್ರಶ್ನೆಗಳಿಗೆ ತಂದೆಯ ಬಳಿ ಉತ್ತರವಿರುವುದಿಲ್ಲ. ಆಸ್ಪತ್ರೆಯ ಬಿಡುಗಡೆ ಪತ್ರ ಮತ್ತು ಕಾರ್ಡಿನ ಪ್ರತಿಯನ್ನು ಪಾಸ್‌ಪೋರ್ಟಿನೊಡನೆ ತರಬೇಕು. ಮಗುವಿನ ಹೊಸ ಕೌಶಲಗಳನ್ನು ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡುವುದೂ ಒಳ್ಳೆಯದು. ಫೋನಿನ ಪುಟ್ಟ ವಿಡಿಯೋ ಇನ್ನೂ ಒಳ್ಳೆಯದು, ಏಕೆಂದರೆ ವೈದ್ಯರ ಕೋಣೆಯಲ್ಲಿ ಮಗು ಏನನ್ನೂ ಮಾಡಿ ತೋರಿಸುವುದಿಲ್ಲ.

ಬಹ್ರೈನಿನಲ್ಲಿ ಲಸಿಕೆ ಮತ್ತು ಶಿಶು ತಪಾಸಣೆಗೆ ಮೊದಲ ಬಾಗಿಲು ಆಯಾ ಪ್ರದೇಶದ ಸರಕಾರಿ ಆರೋಗ್ಯ ಕೇಂದ್ರ. ಹೆಚ್ಚಿನ ಪರೀಕ್ಷೆಗೆ ಸಲ್ಮಾನಿಯಾ ವೈದ್ಯಕೀಯ ಸಂಕೀರ್ಣವಿದೆ. 1903ರಲ್ಲಿ ಮನಾಮಾದಲ್ಲಿ ಬಾಗಿಲು ತೆರೆದ ಅಮೆರಿಕನ್ ಮಿಷನ್ ಆಸ್ಪತ್ರೆಯೂ ಇತರ ಖಾಸಗಿ ಆಸ್ಪತ್ರೆಗಳೂ ಇವೆ. ಪರೀಕ್ಷೆಯ ಭಾಷೆ ಎಲ್ಲೆಡೆ ಇಂಗ್ಲಿಷ್ ಅಥವಾ ಅರಬಿ. ಮಗುವಿನ ಪದಗಳ ಪಟ್ಟಿಯನ್ನು, ಯಾವ ಪದ ಯಾವ ನುಡಿಯದು ಎಂಬ ವಿವರದೊಡನೆ, ಇಂಗ್ಲಿಷಿನಲ್ಲಿ ಬರೆದು ಕೊಂಡೊಯ್ದರೆ ಚಿಕಿತ್ಸಕರು ಮಗುವನ್ನು ಇಂಗ್ಲಿಷಿನ ಎರಡು ಪದಗಳಿಂದಲೇ ಅಳೆಯುವುದು ತಪ್ಪುತ್ತದೆ. ಕನ್ನಡ ಬಲ್ಲ ವಾಕ್ ಚಿಕಿತ್ಸಕರು ಬೇಕೆನಿಸಿದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 1965ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಕನ್ನಡ ಮಕ್ಕಳ ಮಾತಿನ ಬೆಳವಣಿಗೆಯನ್ನು ಬಹುಕಾಲದಿಂದ ಅಭ್ಯಸಿಸುತ್ತ ಬಂದಿದೆ. ದೂರದಲ್ಲಿರುವವರಿಗೆ ಅಂತರಜಾಲದ ಮೂಲಕವೂ ಮೌಲ್ಯಮಾಪನ, ಚಿಕಿತ್ಸೆಗಳನ್ನು ನಡೆಸುತ್ತದೆ. ಬಹ್ರೈನಿನ ವಾರದ ರಜೆ ಶುಕ್ರವಾರ, ಮೈಸೂರಿಗೆ ಅದು ಕೆಲಸದ ದಿನ. ಇಲ್ಲಿ ಬೆಳಿಗ್ಗೆ ಎಂಟಾದಾಗ ಅಲ್ಲಿ ಹತ್ತೂವರೆ: ತಂದೆತಾಯಿ ಇಬ್ಬರೂ ಮನೆಯಲ್ಲಿರುವ, ಮಗು ನಿದ್ದೆ ತಿಳಿದೆದ್ದು ತಿಂಡಿ ಮುಗಿಸಿರುವ ಹೊತ್ತು.